ಮುಂದಿನ ಯುದ್ಧಕ್ಕೆ ನಮ್ಮ ಸೇನೆ: ದುಡ್ಡು ಮೊದಲು ಎಲ್ಲಿಗೆ ಹೋಗಬೇಕು?

ಮಂಜು ತುಮಕೂರು:

2025ರ ಮೇ ತಿಂಗಳಾದ ಮೇಲೆ ಊರಲ್ಲಿ ಎಲ್ಲರೂ ಯುದ್ಧತಜ್ಞರೇ. ನಾನೂ ಟಿವಿ ನೋಡಿ ನೋಡಿ ತಲೆ ಕೆಡಿಸಿಕೊಂಡವನು. ಇಲ್ಲಿ ಸ್ವಲ್ಪ ತಣ್ಣಗೆ ಮಾತಾಡೋಣ ಅಂತ ಈ ಚರ್ಚೆ ಶುರು ಮಾಡಿದ್ದೇನೆ.

ಏಪ್ರಿಲ್ 22ಕ್ಕೆ ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಮೇ 7ರ ನಸುಕಿನಲ್ಲಿ ನಮ್ಮವರು ಪಾಕಿಸ್ತಾನ ಮತ್ತು ಪಾಕ್ ಆಕ್ರಮಿತ ಕಾಶ್ಮೀರದಲ್ಲಿ 9 ಕಡೆ ಹೊಡೆದರು. ಮೇ 8ರ ರಾತ್ರಿ 36 ಜಾಗಗಳ ಕಡೆಗೆ 300ರಿಂದ 400 ಡ್ರೋನ್ ಬಂದವು ಎಂದು ಸರ್ಕಾರವೇ ಹೇಳಿತು. ಮೇ 10ಕ್ಕೆ ಎರಡೂ ಕಡೆ ನಿಲ್ಲಿಸಿದರು. ಎಲ್ಲ ಸೇರಿ ನಾಲ್ಕು ದಿನ.

ಮುಂದಿನ ಸಲ ನಾಲ್ಕು ದಿನಕ್ಕೆ ಮುಗಿಯದಿದ್ದರೆ? ಅದೂ ಚೀನಾ ಕಡೆಯಿಂದ ಬಂದರೆ? 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ. ಪಿಂಚಣಿಗೇ 1.60 ಲಕ್ಷ ಕೋಟಿ ಹೋಗುತ್ತದೆ. ಹೊಸ ಆಯುಧ, ವಿಮಾನ, ಹಡಗು ಅಂತ ಮೂರು ಪಡೆಗೂ ಸೇರಿ 1.80 ಲಕ್ಷ ಕೋಟಿ. ನಿಮ್ಮ ಕೈಗೆ ಕೊಟ್ಟರೆ ಮೊದಲು ಎಲ್ಲಿಗೆ ಹಾಕುತ್ತೀರಿ?

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಪಕ್ಷದ ಜಗಳ ಬೇಡ. ಮನೆಯವರು ಎಲ್ಲಿ ಪೋಸ್ಟಿಂಗ್‌ನಲ್ಲಿದ್ದಾರೆ, ಯಾವ ಯೂನಿಟ್ ಅಂತ ದಯವಿಟ್ಟು ಬರೆಯಬೇಡಿ.

ಶಿವು ದಾವಣಗೆರೆ:

ಇದರಲ್ಲಿ ಕೇಳೋದೇನಿದೆ ಮಂಜಣ್ಣ? ಡ್ರೋನ್. 2020ರಲ್ಲಿ ಅಜರ್‌ಬೈಜಾನ್ 44 ದಿನದಲ್ಲಿ ಆರ್ಮೇನಿಯಾದ ಟ್ಯಾಂಕುಗಳನ್ನು ಸಾಲಾಗಿ ಸುಟ್ಟಿತು. ಟರ್ಕಿ ಡ್ರೋನು, ಇಸ್ರೇಲ್ ಡ್ರೋನು, ಅಷ್ಟೇ. ಹಳೆ ಫಿರಂಗಿ, ಹಳೆ ಟ್ಯಾಂಕ್ ಎಲ್ಲ ಗುಜರಿಗೆ ಹಾಕಿ, ಬಂದ ದುಡ್ಡಲ್ಲಿ ಡ್ರೋನ್ ಕೊಳ್ಳಲಿ.

ಹಳೆ ಫೌಜಿ ಹಾಸನ:

ತಮ್ಮಾ ಶಿವು, ಗುಜರಿಗೆ ಹಾಕುವ ಮೊದಲು ಒಂದು ವಿಷಯ ಕೇಳು. ನಾನು ಸೇನೆಯ ರಿಪೇರಿ ದಳವಾದ ಇಎಂಇಯಲ್ಲಿ ಹವಾಲ್ದಾರ್ ಆಗಿ ನಿವೃತ್ತಿ ಆದವನು. ಗನ್ ರಿಪೇರಿ ಮಾಡುವುದೇ ನನ್ನ ಕೆಲಸವಾಗಿತ್ತು.

ಮೇ ತಿಂಗಳಲ್ಲಿ ಪಂಜಾಬ್, ಜಮ್ಮು ಕಡೆ ಬಂದ ಡ್ರೋನ್‌ಗಳನ್ನು ಹೊಡೆದವುಗಳಲ್ಲಿ ಎಲ್-70 ಗನ್ ಒಂದು. ಅದು 1960ರ ದಶಕದಲ್ಲಿ ಸ್ವೀಡನ್‌ನಿಂದ ಬಂದ ಗನ್. 40 ಮಿಲಿಮೀಟರ್ ಗುಂಡು, ನಾಲ್ಕು ನಾಲ್ಕರ ಕ್ಲಿಪ್. ಮೇಲಿನಿಂದ ಕೈಯಲ್ಲಿ ಕ್ಲಿಪ್ ಇಳಿಸುತ್ತಾ ಹೋಗಬೇಕು. ನಿಮಿಷಕ್ಕೆ ಮುನ್ನೂರು ಗುಂಡು ತಿನ್ನುತ್ತದೆ, ಹಾಗಾಗಿ ಲೋಡ್ ಮಾಡುವ ಹುಡುಗನ ತೋಳು ಗಟ್ಟಿ ಇರಬೇಕು. ಕಬ್ಬಿಣ ಹಳೆಯದು. ಆದರೆ ಬಿಇಎಲ್‌ನವರು ಅದಕ್ಕೆ ಹೊಸ ವಿದ್ಯುತ್ ಮೋಟಾರು, ರಾತ್ರಿಯಲ್ಲೂ ಕಾಣುವ ಥರ್ಮಲ್ ಕ್ಯಾಮೆರಾ, ಗುರಿ ಲೆಕ್ಕ ಹಾಕುವ ಕಂಪ್ಯೂಟರ್ ಕೂರಿಸಿದರು. ಹಿಂದೆ ಕಣ್ಣಳತೆಯಲ್ಲಿ ತಿರುಗಿಸುತ್ತಿದ್ದ ಗನ್ ಈಗ ತಾನೇ ಗುರಿ ಹಿಡಿದು ಹಿಂಬಾಲಿಸುತ್ತದೆ.

ಕೋಟಿಗಟ್ಟಲೆ ಬೆಲೆಯ ಕ್ಷಿಪಣಿಯಲ್ಲಿ ಕೆಲವು ಲಕ್ಷದ ಡ್ರೋನ್ ಹೊಡೆದರೆ ನಾವು ಗೆದ್ದೂ ದಿವಾಳಿ. ಗನ್ ಗುಂಡು ಅಗ್ಗ. ಆದ್ದರಿಂದ ಹಳೆಯದು ಅಂತ ಎಸೆಯುವುದಲ್ಲ, ಅದಕ್ಕೆ ಹೊಸ ಕಣ್ಣು ಕೊಡುವುದು.

ಇನ್ನು ಆರ್ಮೇನಿಯಾ. ಅವರ ಹತ್ತಿರ ವಾಯುರಕ್ಷಣೆ ಇರಲಿಲ್ಲ ಅಂತಲ್ಲ. ಇದ್ದದ್ದು ಹೆಚ್ಚಿನದು ಸೋವಿಯತ್ ಕಾಲದ್ದು, ಸಣ್ಣ ಡ್ರೋನ್ ಅದರ ರಾಡಾರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಟ್ಯಾಂಕುಗಳು ಬಯಲಲ್ಲಿ ಮರೆಯಿಲ್ಲದೆ ನಿಂತಿದ್ದವು. ಅದು ಟ್ಯಾಂಕಿನ ತಪ್ಪಲ್ಲ.

ಪೀಣ್ಯ ಪ್ರದೀಪ:

ಫೌಜಿ ಸಾರ್ ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ. ನಾನು ಡ್ರೋನ್ ಮಾಡುವ ಪುಟ್ಟ ಕಂಪನಿಯಲ್ಲಿ ಇಂಜಿನಿಯರ್. ಶಿವು ಅವರ ಮಾತು ನಿಜವಾದರೆ ನಮಗೇ ಲಾಭ, ಆದರೂ ಹೇಳಲೇಬೇಕು.

ಒಂದು ಸಣ್ಣ ಎಫ್‌ಪಿವಿ ಡ್ರೋನ್ (ಅದರ ಕ್ಯಾಮೆರಾದಲ್ಲಿ ಕಂಡದ್ದನ್ನೇ ನೋಡುತ್ತಾ ಹಾರಿಸುವಂಥದ್ದು) ಬಿಚ್ಚಿ ಟೇಬಲ್ ಮೇಲೆ ಇಟ್ಟರೆ ಏನು ಸಿಗುತ್ತದೆ? ಕಾರ್ಬನ್ ಫ್ರೇಮ್, ನಾಲ್ಕು ಮೋಟಾರು, ಮೋಟಾರಿಗೆ ಕರೆಂಟ್ ಹಂಚುವ ಬೋರ್ಡು, ಫ್ಲೈಟ್ ಕಂಟ್ರೋಲರ್, ಕ್ಯಾಮೆರಾ, ವಿಡಿಯೋ ಕಳಿಸುವ ಟ್ರಾನ್ಸ್‌ಮಿಟರ್, ಲಿಥಿಯಂ ಬ್ಯಾಟರಿ. ಫ್ರೇಮ್ ನಾವು ಪೀಣ್ಯದಲ್ಲೇ ಕತ್ತರಿಸುತ್ತೇವೆ. ಸಾಫ್ಟ್‌ವೇರ್ ನಮ್ಮದು. ಮೋಟಾರಿನೊಳಗಿನ ಮ್ಯಾಗ್ನೆಟ್ಟು? ಬ್ಯಾಟರಿಯ ಸೆಲ್ಲು? ಅಲ್ಲಿಗೆ ಬಂದಾಗ ಎಲ್ಲರೂ ಮೌನ. ನಿಯೋಡಿಮಿಯಂ ಮ್ಯಾಗ್ನೆಟ್‌ನ ಜಗತ್ತೇ ಚೀನಾದ ಕೈಯಲ್ಲಿದೆ. 2025ರ ಏಪ್ರಿಲ್‌ನಲ್ಲಿ ಅವರು ಕೆಲವು ಅಪರೂಪದ ಲೋಹಗಳಿಗೂ ಅವುಗಳ ಮ್ಯಾಗ್ನೆಟ್‌ಗೂ ರಫ್ತು ಪರವಾನಗಿ ಕಡ್ಡಾಯ ಮಾಡಿದಾಗ ಕಾರು ಕಂಪನಿಗಳೇ ಪರದಾಡಿದವು. ನಾವೆಲ್ಲಿ?

ಅದೇ ವರ್ಷ ಫೆಬ್ರವರಿಯಲ್ಲಿ ಸೇನೆಗೆ ಕೊಡಬೇಕಿದ್ದ 400 ಸಾಗಣೆ ಡ್ರೋನ್‌ಗಳ ಗುತ್ತಿಗೆ ರದ್ದಾದದ್ದು ಪತ್ರಿಕೆಯಲ್ಲಿ ಬಂದಿತ್ತು. ಕಾರಣ ಒಳಗಿನ ಚೀನೀ ಭಾಗಗಳು. ಮಾಡಿದ್ದು ಸರಿ. ಯಾರ ಜೊತೆ ಗಡಿಯಲ್ಲಿ ಎದುರುಬದುರು ನಿಂತಿದ್ದೇವೋ ಅವರ ಬೋರ್ಡನ್ನೇ ನಂಬಿ ಹಾರಿಸಲು ಆಗುತ್ತದಾ?

ಇನ್ನೊಂದು, ಲಡಾಖ್. ಬೆಂಗಳೂರಿನಲ್ಲಿ ಚೆನ್ನಾಗಿ ಹಾರಿದ ಡ್ರೋನ್ ಅಲ್ಲಿ 15,000 ಅಡಿಯಲ್ಲಿ ಏದುಸಿರು ಬಿಡುತ್ತದೆ. ಗಾಳಿ ತೆಳು. ರೆಕ್ಕೆ ದೊಡ್ಡದಾಗಬೇಕು, ಮೋಟಾರು ಜೋರಾಗಿ ತಿರುಗಬೇಕು, ಹೊರುವ ಭಾರ ಇಳಿಯಬೇಕು. ಚಳಿಗೆ ಬ್ಯಾಟರಿ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ಹಾರಿಸುವ ಮೊದಲು ಬ್ಯಾಟರಿಯನ್ನು ಬೆಚ್ಚಗೆ ಇಟ್ಟುಕೊಳ್ಳಬೇಕು, ಕೆಲವರು ಜಾಕೆಟ್ ಒಳಗೇ ಇಟ್ಟುಕೊಳ್ಳುತ್ತಾರೆ. ಉಕ್ರೇನ್ ವಿಡಿಯೋ ನೋಡಿ ಅದನ್ನೇ ಇಲ್ಲಿಗೆ ತಂದರೆ ನಡೆಯುವುದಿಲ್ಲ. ಅವರದ್ದು ಬಯಲು ನಾಡು.

ಶಿವು ದಾವಣಗೆರೆ:

ಸರಿ ಪ್ರದೀಪಣ್ಣ, ಆದ್ರೂ 2025ರ ಜೂನ್ 1ಕ್ಕೆ ಉಕ್ರೇನ್‌ನವರು ಲಾರಿಯಲ್ಲಿ ಬಚ್ಚಿಟ್ಟು 117 ಡ್ರೋನ್ ಒಯ್ದು ರಷ್ಯಾದ ಬಾಂಬರ್‌ಗಳನ್ನೇ ಸುಟ್ಟರಲ್ಲ? ಅದಕ್ಕೇನಂತೀರಿ?

ಪೀಣ್ಯ ಪ್ರದೀಪ:

ಅದು ನಾವು ಮಾಡುವ ಕೆಲಸ ಅಂತ ಯೋಚಿಸುವ ಮೊದಲು, ನಮಗೂ ಆಗಬಹುದಾದ ಕೆಲಸ ಅಂತ ಯೋಚಿಸಿ. ನಮ್ಮ ವಾಯುನೆಲೆಗಳ ಪಕ್ಕದ ಹೆದ್ದಾರಿಯಲ್ಲಿ ದಿನಕ್ಕೆ ಎಷ್ಟು ಲಾರಿ ಓಡುತ್ತವೆ? ವಿಮಾನಗಳಿಗೆ ಗಟ್ಟಿ ಛಾವಣಿಯ ಶೆಡ್ ಕಟ್ಟುವುದು ಟಿವಿಗೆ ಸುದ್ದಿಯಲ್ಲ. ಆದರೆ ನನ್ನ ಲೆಕ್ಕದಲ್ಲಿ ಕಾಂಕ್ರೀಟೂ ಆಯುಧವೇ.

ಮೈಸೂರು ಮೇಷ್ಟ್ರು:

ಇತಿಹಾಸ ಪಾಠ ಮಾಡುವವನಾದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕೊಡಗಿನ ಜನರಲ್ ತಿಮ್ಮಯ್ಯ 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದರು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ತಿಕ್ಕಾಟ ಮಿತಿ ಮೀರಿ ರಾಜೀನಾಮೆ ಕೊಟ್ಟರು. ನೆಹರೂ ಕರೆದು ಮಾತಾಡಿ ವಾಪಸ್ ತೆಗೆಸಿದರು. ಮೂರು ವರ್ಷ ಕಳೆಯಿತು, 1962 ಬಂತು. ಹಿಮದ ಬೆಟ್ಟದ ಮೇಲೆ ನಮ್ಮ ಜವಾನರು ಹಳೇ .303 ರೈಫಲ್ ಹಿಡಿದು, ಚಳಿಗೆ ಸರಿಯಾದ ಬಟ್ಟೆಯಿಲ್ಲದೆ ನಿಂತಿದ್ದರು. ಜನ ಅದನ್ನೇ ನೆನಪಿಟ್ಟುಕೊಂಡಿದ್ದಾರೆ. ನನಗೆ ಅದಕ್ಕಿಂತ ಕಾಡುವ ವಿಷಯ ಬೇರೆ: ಆ ಯುದ್ಧದಲ್ಲಿ ನಮ್ಮ ಯುದ್ಧವಿಮಾನಗಳನ್ನು ಬಳಸಲೇ ಇಲ್ಲ. ಇದ್ದ ಶಕ್ತಿ ಇದ್ದಲ್ಲೇ ಕುಳಿತಿತ್ತು.

1999ರ ಕಾರ್ಗಿಲ್‌ನಲ್ಲಿ ವಾಯುಪಡೆ ಕೆಲಸಕ್ಕೆ ಇಳಿದದ್ದು ಮೇ 26ಕ್ಕೆ. ನುಸುಳಿದವರ ಸುಳಿವು ಸಿಕ್ಕಿದ್ದು ತಿಂಗಳ ಮೊದಲ ವಾರದಲ್ಲಿ. ನಡುವಿನ ದಿನಗಳಲ್ಲಿ ಸೇನೆಗೂ ವಾಯುಪಡೆಗೂ ಮಾತುಕತೆ. 527 ಮಂದಿ ಯೋಧರನ್ನು ಕಳೆದುಕೊಂಡ ಮೇಲೆ ಕೆ. ಸುಬ್ರಹ್ಮಣ್ಯಂ ಅವರ ಸಮಿತಿ ಕುಳಿತಿತು. 2001ರಲ್ಲಿ ಸಚಿವರ ಗುಂಪು ಮೂರು ಪಡೆಗೂ ಒಬ್ಬ ಮುಖ್ಯಸ್ಥ ಬೇಕು ಎಂದಿತು. ಆ ಹುದ್ದೆಗೆ ಜನರಲ್ ಬಿಪಿನ್ ರಾವತ್ ಕುಳಿತದ್ದು 2020ರ ಜನವರಿ 1ಕ್ಕೆ. ಒಂದು ಕುರ್ಚಿ ಹಾಕಲು 19 ವರ್ಷ! ನಮ್ಮ ಯೂನಿವರ್ಸಿಟಿ ಫೈಲು ಇದಕ್ಕಿಂತ ಬೇಗ ಓಡುತ್ತದೆ ಎಂದರೆ ನಂಬುತ್ತೀರಾ?

ಈಗಿನ ಕಥೆ ನೋಡಿ. ಸೇನೆಗೆ 7 ಕಮಾಂಡ್, ವಾಯುಪಡೆಗೆ 7, ನೌಕಾಪಡೆಗೆ 3. ಈಶಾನ್ಯದಲ್ಲಿ ಚೀನಾ ಗಡಿ ನೋಡಿಕೊಳ್ಳುವ ಸೇನಾ ಕಮಾಂಡ್ ಕೋಲ್ಕತ್ತದಲ್ಲಿ, ಅದೇ ಗಡಿಯ ಆಕಾಶ ನೋಡಿಕೊಳ್ಳುವ ವಾಯುಪಡೆಯ ಕಮಾಂಡ್ ಶಿಲ್ಲಾಂಗ್‌ನಲ್ಲಿ. ಆಚೆ ಕಡೆ ಚೀನಾ 2016ರಲ್ಲೇ ಐದು ಥಿಯೇಟರ್ ಕಮಾಂಡ್ ಮಾಡಿಕೊಂಡಿತು, ಅಂದರೆ ಒಂದು ಪ್ರದೇಶದ ಎಲ್ಲ ಪಡೆಗಳೂ ಒಬ್ಬರ ಕೈಕೆಳಗೆ. ನಮ್ಮ ಗಡಿಗೆ ಎದುರಾಗಿ ಅವರದ್ದು ಒಂದೇ ಕಮಾಂಡ್, ಒಬ್ಬನೇ ಅಧಿಕಾರಿ. ನಮ್ಮಲ್ಲಿ 2023ರಲ್ಲಿ ಕಾನೂನು ಬಂತು: ಜಂಟಿ ಸಂಸ್ಥೆಯ ಮುಖ್ಯಸ್ಥ ಯಾವ ಪಡೆಯವನೇ ಆಗಿರಲಿ, ತನ್ನ ಕೈಕೆಳಗಿನ ಮೂರೂ ಪಡೆಯವರ ಮೇಲೆ ಶಿಸ್ತುಕ್ರಮ ಕೈಗೊಳ್ಳಬಹುದು. ಒಳ್ಳೆಯದು. ಆದರೆ ಕಾನೂನು ಬಂದ ಮಾತ್ರಕ್ಕೆ ಒಬ್ಬರಿಗೊಬ್ಬರು ಕೈಬಿಟ್ಟುಕೊಡುವ ಮನಸ್ಸು ಬರುವುದಿಲ್ಲ.

ನನ್ನ ಉತ್ತರ ಮಂಜು ಅವರಿಗೆ: ದುಡ್ಡು ಆಮೇಲೆ. ಮೊದಲು ಯಾರು ಯಾರ ಮಾತು ಕೇಳಬೇಕು ಅನ್ನುವುದನ್ನು ತೀರ್ಮಾನಿಸಲಿ.

ಜಾಲಹಳ್ಳಿ ವಾರಂಟ್:

ಮೇಷ್ಟ್ರೇ, ವಾಯುಪಡೆಯಲ್ಲಿ ಸರ್ವಿಸ್ ಮಾಡಿದವನಾಗಿ ಒಂದು ತಕರಾರು. ಥಿಯೇಟರ್ ಕಮಾಂಡ್ ಒಪ್ಪದ ನಮ್ಮವರು ಹಠಮಾರಿಗಳು ಅಂತ ಎಲ್ಲರೂ ಬರೆಯುತ್ತಾರೆ. ಲೆಕ್ಕ ನೋಡಿ. ಮಂಜೂರಾದ ಸ್ಕ್ವಾಡ್ರನ್, ಅಂದರೆ ಯುದ್ಧವಿಮಾನಗಳ ತುಕಡಿ, 42. 2025ರ ಸೆಪ್ಟೆಂಬರ್ 26ಕ್ಕೆ ಮಿಗ್-21 ಬೀಳ್ಕೊಟ್ಟ ಮೇಲೆ ಉಳಿದದ್ದು 29. ಇರುವುದೇ ಕಡಿಮೆ. ಅದನ್ನು ಪಶ್ಚಿಮಕ್ಕಿಷ್ಟು, ಉತ್ತರಕ್ಕಿಷ್ಟು, ಸಮುದ್ರಕ್ಕಿಷ್ಟು ಅಂತ ಹಂಚಿಬಿಟ್ಟರೆ ಎಲ್ಲೂ ಸಾಲುವುದಿಲ್ಲ. ವಿಮಾನ ಬೆಳಿಗ್ಗೆ ಪಂಜಾಬಿನಲ್ಲಿ ಹಾರಿ ಸಂಜೆ ಅಸ್ಸಾಮಿನಲ್ಲಿ ಇಳಿಯಬಲ್ಲದು. ಅದೇ ಅದರ ಶಕ್ತಿ ಅಲ್ವಾ? ಒಬ್ಬ ಕಮಾಂಡರ್‌ಗೆ ಬರೆದುಕೊಟ್ಟರೆ ಆತ ಬಿಟ್ಟುಕೊಡುತ್ತಾನಾ?

ತೇಜಸ್ ಮಾರ್ಕ್-1ಎ ಬಗ್ಗೆ ಬೆಂಗಳೂರಿನವರಿಗೆ ನಾನು ಹೇಳುವುದೇನಿದೆ. 83 ವಿಮಾನಕ್ಕೆ ಸಹಿ ಬಿದ್ದದ್ದು 2021ರ ಫೆಬ್ರವರಿ. ಅಮೆರಿಕದ ಇಂಜಿನ್ ತಡವಾಗಿ ಎಲ್ಲವೂ ತಡ. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97ಕ್ಕೆ ಸಹಿ ಹಾಕಿದರು. ಸಹಿ ಹಾರುವುದಿಲ್ಲ.

ಮೈಸೂರು ಮೇಷ್ಟ್ರು:

ವಾರಂಟ್ ಸಾರ್, ನಿಮ್ಮ ತಕರಾರಿನಲ್ಲಿ ತೂಕವಿದೆ. ಹಾಗಾದರೆ ಆಕಾಶ್‌ತೀರ್ ತರಹದ ವ್ಯವಸ್ಥೆಯಿಂದಲೇ ಶುರು ಮಾಡಲಿ ಎನ್ನುತ್ತೇನೆ. ಸೇನೆಯ ರಾಡಾರಿಗೆ ಕಂಡದ್ದೂ ವಾಯುಪಡೆಯ ರಾಡಾರಿಗೆ ಕಂಡದ್ದೂ ಒಂದೇ ಪರದೆಗೆ ಬರುತ್ತದೆ. ಯಾವ ಗನ್ ಹೊಡೆಯಬೇಕು, ಯಾವುದು ಸುಮ್ಮನಿರಬೇಕು ಅಂತ ಅಲ್ಲೇ ತೀರ್ಮಾನ. 2023ರ ಮಾರ್ಚ್‌ನಲ್ಲಿ ಬಿಇಎಲ್‌ಗೆ 1,982 ಕೋಟಿಯ ಗುತ್ತಿಗೆ ಆಯಿತು, 2025ರ ಮೇನಲ್ಲಿ ಕೆಲಸಕ್ಕೆ ಬಂತು. ಪರದೆ ಒಂದಾದರೆ ಕುರ್ಚಿಯೂ ಒಂದು ದಿನ ಒಂದಾಗಬಹುದು.

ಅಗ್ನಿವೀರನ ಅವ್ವ, ಗೋಕಾಕ:

ಎಲ್ಲ ಅಣ್ಣಂದಿರಿಗೂ ನಮಸ್ಕಾರ ರೀ. ನೀವು ವಿಮಾನ, ಗನ್ ಅಂತ ಮಾತಾಡುತ್ತಿದ್ದೀರಿ. ನಡೆಸುವ ಹುಡುಗರ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು ಬರೆಯುತ್ತೇನೆ.

ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಮಿಲಿಟ್ರಿಗೆ ಹೋಗುವುದು ಮನೆತನದ ಮಾತು. ನಸುಕಿನಲ್ಲಿ ಎದ್ದು ಹೊರಗೆ ಬಂದರೆ ರಸ್ತೆ ತುಂಬ ಹುಡುಗರು ಓಡುತ್ತಿರುತ್ತಾರೆ. 1600 ಮೀಟರ್, ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ. ಈಗ ಅದಕ್ಕೂ ಮೊದಲು ಕಂಪ್ಯೂಟರ್ ಪರೀಕ್ಷೆ ಬೇರೆ. ನನ್ನ ಮಗ ಎರಡನ್ನೂ ಪಾಸಾಗಿ ಹೋದ.

2022ರ ಜೂನ್‌ನಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30 ಸಾವಿರ, ನಾಲ್ಕನೇ ವರ್ಷ 40 ಸಾವಿರ, ಅದರಲ್ಲಿ ಒಂದು ಪಾಲು ಹಿಡಿಯುತ್ತಾರೆ. ಮುಗಿದ ಮೇಲೆ ಸುಮಾರು 11.71 ಲಕ್ಷ ಕೈಗೆ. ನೂರರಲ್ಲಿ 25 ಮಂದಿಯನ್ನು ಉಳಿಸಿಕೊಳ್ಳುತ್ತಾರೆ, 75 ಮಂದಿ ಮನೆಗೆ. ಪಿಂಚಣಿ ಇಲ್ಲ.

ನನ್ನ ಪ್ರಶ್ನೆ ದುಡ್ಡಿನದಲ್ಲ ರೀ. ಇಲ್ಲಿ ಒಬ್ಬರು ಡ್ರೋನ್ ಹಾರಿಸುವುದು ಕಷ್ಟ ಅಂತ ಹೇಳಿದರು, ಇನ್ನೊಬ್ಬರು ಹಳೆ ಗನ್‌ಗೆ ಕಂಪ್ಯೂಟರ್ ಹಾಕಿದ್ದಾರೆ ಅಂದರು. ಅಂಥ ಕೆಲಸ ಕಲಿಯಲು ಎಷ್ಟು ವರ್ಷ ಬೇಕು? ಚೆನ್ನಾಗಿ ಕಲಿತ ಹೊತ್ತಿಗೆ ಮನೆಗೆ ಕಳಿಸಿದರೆ ಅದು ಯಾರಿಗೆ ನಷ್ಟ? ಮಗನಿಗೆ ಹೇಗೂ ಎಲ್ಲಾದರೂ ಕೆಲಸ ಸಿಗುತ್ತದೆ. ಸೇನೆಗೆ ಅಂಥವನು ಮತ್ತೆ ಸಿಗುತ್ತಾನಾ?

ಹಳೆ ಫೌಜಿ ಹಾಸನ:

ಅಮ್ಮಾ, ಈ ಚರ್ಚೆಯಲ್ಲಿ ಯಾರೂ ಕೇಳದ ಪ್ರಶ್ನೆ ನೀವು ಕೇಳಿದಿರಿ. ನಮ್ಮ ವರ್ಕ್‌ಶಾಪಿನಲ್ಲಿ ಮೊದಲ ಎರಡು ವರ್ಷ ಹುಡುಗ ಉಸ್ತಾದ್ ಹಿಂದೆ ಸ್ಪ್ಯಾನರ್ ಹಿಡಿದು ಓಡಾಡುತ್ತಾನೆ. ಮೂರನೇ ವರ್ಷಕ್ಕೆ ಗನ್ ಸದ್ದು ಕೇಳಿಯೇ ಎಲ್ಲಿ ಹಿಡಿದಿದೆ ಅಂತ ಹೇಳುತ್ತಾನೆ. ನಾಲ್ಕನೇ ವರ್ಷಕ್ಕೆ ನೀವು ಹೇಳಿದ ಹಾಗೆ ಬ್ಯಾಗ್ ಕಟ್ಟಿಸಿದರೆ ನಾಳೆ ಉಸ್ತಾದ್ ಯಾರಾಗಬೇಕು?

ಪದಾತಿ ದಳಕ್ಕೆ ಎಳೆ ವಯಸ್ಸು ಬೇಕು, ಬೆಟ್ಟ ಹತ್ತಲು ಇಪ್ಪತ್ತರ ಹುಡುಗನೇ ಸರಿ. ಅದನ್ನು ನಾನು ಒಪ್ಪುತ್ತೇನೆ. ತಾಂತ್ರಿಕ ಟ್ರೇಡಿನಲ್ಲಿ ಮಾತ್ರ 25 ಅಂತ ಕೂರದೆ ಹೆಚ್ಚು ಮಂದಿಯನ್ನು ಉಳಿಸಿಕೊಳ್ಳಬೇಕು. ಎಲ್ಲರಿಗೂ ಒಂದೇ ಅಳತೆಯ ಬೂಟು ಕೊಟ್ಟರೆ ಹೇಗೆ?

ಕಾಮರ್ಸ್ ಕವಿತಾ:

ಪಿಂಚಣಿ ಉಳಿಸಲು ಅಗ್ನಿಪಥ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. 2025-26ಕ್ಕೆ ಇಟ್ಟ 1.60 ಲಕ್ಷ ಕೋಟಿ ಆಗಲೇ ನಿವೃತ್ತಿ ಆದವರಿಗೆ. ಅದು ಕಡಿಮೆ ಆಗುವುದಿಲ್ಲ. 2022ರಲ್ಲಿ ಹಳೇ ಪದ್ಧತಿಯಲ್ಲೇ ಸೇರಿದ್ದರೆ ಆ ಜವಾನ ಪಿಂಚಣಿಗೆ ಬರುತ್ತಿದ್ದದ್ದು ಕನಿಷ್ಠ 15 ವರ್ಷ ಆದ ಮೇಲೆ. ಅಂದರೆ ಉಳಿತಾಯ ಕಣ್ಣಿಗೆ ಕಾಣುವುದು 2037ರ ನಂತರ. ಮುಂದಿನ ಹತ್ತು ವರ್ಷದ ಡ್ರೋನಿಗೆ, ಗನ್ನಿಗೆ ಆ ದುಡ್ಡು ಸಿಗುವುದಿಲ್ಲ. ಈ ಯೋಜನೆಯನ್ನು ಸಮರ್ಥಿಸುವುದಾದರೆ ವಯಸ್ಸಿನ ಮೇಲೆ ಸಮರ್ಥಿಸಿ. ಸರಾಸರಿ ವಯಸ್ಸು 32ರಿಂದ 26ಕ್ಕೆ ಇಳಿಯುತ್ತದೆ ಅಂತ ಸರ್ಕಾರ ಹೇಳಿತ್ತು, ಅದು ಮಾತಾಡಬಹುದಾದ ವಾದ.

ಗಂಡುಮೆಟ್ಟಿನ ಗಣೇಶ:

[ಈ ಬರಹವನ್ನು ತೆಗೆಯಲಾಗಿದೆ]

ನಿರ್ವಾಹಕ:

ಗಣೇಶ್ ಅವರೇ, ಯಾವ ಪಕ್ಷ ಏನು ಮಾಡಿತು ಅನ್ನುವುದಕ್ಕೆ ಬೇರೆ ಚರ್ಚೆ ಇದೆ. ಅಲ್ಲಿ ಬರೆಯಿರಿ. ಗೋಕಾಕದ ಅಮ್ಮನವರಿಗೆ ಉತ್ತರ ಕೊಡುವಾಗ ಯಾರೂ ಏಕವಚನ ಬಳಸಬೇಡಿ.

ಮ್ಯೂನಿಕ್ ಮೂರ್ತಿ:

ದೂರದಿಂದ ಒಂದು ಮಾತು. ಜರ್ಮನಿಯಲ್ಲಿ ದುಡ್ಡಿಗೆ ಬರವಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಕೂಡಲೇ ಸೇನೆಗೆ ಅಂತ 100 ಬಿಲಿಯನ್ ಯೂರೋ ಪ್ರತ್ಯೇಕ ನಿಧಿ ಇಟ್ಟರು. ಆದರೆ ಕಡ್ಡಾಯ ಸೇವೆಯನ್ನು 2011ರಲ್ಲೇ ನಿಲ್ಲಿಸಿದ್ದರಿಂದ ಈಗ ಹುಡುಗರು ಸಿಗುತ್ತಿಲ್ಲ. ಈಗ 18 ತುಂಬಿದ ಹುಡುಗರು ಸೇರುವ ಮನಸ್ಸಿದೆಯೇ ಇಲ್ಲವೇ ಅಂತ ಅರ್ಜಿ ತುಂಬುವುದನ್ನೇ ಕಡ್ಡಾಯ ಮಾಡಿದ್ದಾರೆ.

ಇನ್ನೊಂದು. ಐರೋಪ್ಯ ಒಕ್ಕೂಟ 2023ರ ಮಾರ್ಚ್‌ನಲ್ಲಿ ಉಕ್ರೇನ್‌ಗೆ ಒಂದು ವರ್ಷದಲ್ಲಿ 10 ಲಕ್ಷ ಫಿರಂಗಿ ಗುಂಡು ಕೊಡುತ್ತೇವೆ ಎಂದು ಮಾತು ಕೊಟ್ಟಿತು. ಗಡುವು ಬಂದಾಗ ತಲುಪಿಸಿದ್ದು ಅರ್ಧದಷ್ಟು. ಜಗತ್ತಿನ ಅತಿ ಶ್ರೀಮಂತ ದೇಶಗಳ ಕೂಟ ಇದು! ಕಾರ್ಖಾನೆ ಇರಲಿಲ್ಲ, ಸ್ಫೋಟಕ ಮಾಡುವವರಿರಲಿಲ್ಲ. ಜರ್ಮನಿ ಕೊಟ್ಟ ಸ್ವಯಂಚಾಲಿತ ಫಿರಂಗಿಗಳು ದಿನವಿಡೀ ಹೊಡೆದು ಹೊಡೆದು ಸವೆದು, ಕೊನೆಗೆ ಲಿಥುವೇನಿಯಾದಲ್ಲಿ ರಿಪೇರಿ ಕೇಂದ್ರ ತೆರೆದು ಅಲ್ಲಿಗೆ ಸಾಗಿಸಿ ತಂದು ಸರಿ ಮಾಡಬೇಕಾಯಿತು. ಫೌಜಿ ಸಾರ್‌ಗೆ ಇದು ಖುಷಿ ಕೊಡುವ ವಿಷಯ ಅಂದುಕೊಂಡೆ.

ಹಳೆ ಫೌಜಿ ಹಾಸನ:

ಖುಷಿ ಏನು ಬಂತು ಮೂರ್ತಿ, ಹೊಟ್ಟೆ ಉರಿ. ನಾನು ಹೇಳಬೇಕೆಂದಿದ್ದನ್ನು ನೀವು ಯುರೋಪಿನಿಂದ ಹೇಳಿದಿರಿ. ಈಗ ನಮ್ಮ ಮನೆ ಕಥೆ ಕೇಳಿ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಸೇನೆಯ ನಿಯಮದ ಪ್ರಕಾರ 40 ದಿನದ ತೀವ್ರ ಯುದ್ಧಕ್ಕೆ ಬೇಕಾದಷ್ಟು ಮದ್ದುಗುಂಡು ದಾಸ್ತಾನು ಇರಬೇಕಿತ್ತು. 2017ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಸಂಸತ್ತಿಗೆ ಬಂತು. ಹಿಂದಿನ ವರ್ಷ ಸೆಪ್ಟೆಂಬರ್‌ನ ಲೆಕ್ಕದ ಪ್ರಕಾರ ನೂರರಲ್ಲಿ ಸುಮಾರು 40 ಬಗೆಯ ಮದ್ದುಗುಂಡು ಹತ್ತು ದಿನಕ್ಕೂ ಸಾಲುತ್ತಿರಲಿಲ್ಲ. ಉರಿ ದಾಳಿ ಆದದ್ದೂ ಅದೇ ತಿಂಗಳು, ನೆನಪಿಡಿ. ಆಮೇಲೆ ತುರ್ತು ಖರೀದಿಗೆ ಉಪಮುಖ್ಯಸ್ಥರ ಕೈಗೆ ಅಧಿಕಾರ ಕೊಟ್ಟರು. 2021ರಲ್ಲಿ ಆರ್ಡನೆನ್ಸ್ ಫ್ಯಾಕ್ಟರಿ ಬೋರ್ಡ್ ಮುಚ್ಚಿ 41 ಕಾರ್ಖಾನೆಗಳನ್ನು ಏಳು ಕಂಪನಿ ಮಾಡಿದರು. ಖಾಸಗಿಯವರೂ ಗುಂಡು ಮಾಡಲು ಬಂದರು. ಪರಿಸ್ಥಿತಿ ಸುಧಾರಿಸಿದೆ. ಆದರೆ ಆ ವರದಿ ನೆನಪಾದರೆ ನನಗೆ ಈಗಲೂ ಕೋಪ ಬರುತ್ತದೆ.

ಫಿರಂಗಿ ನೋಡಿ. ಬೋಫೋರ್ಸ್ ಕೊಂಡದ್ದು 1986. ಆ ಹಗರಣದ ಭಯಕ್ಕೆ ಆಮೇಲೆ ಮೂರು ದಶಕ ಯಾರೂ ಹೊಸ 155 ಮಿಲಿಮೀಟರ್ ಗನ್ ಕೊಳ್ಳುವ ಧೈರ್ಯ ಮಾಡಲಿಲ್ಲ. ಕಾರ್ಗಿಲ್ ಗೆದ್ದದ್ದು ಅದೇ ಬೋಫೋರ್ಸ್‌ನಿಂದ. 2017ರಲ್ಲಿ ಅಮೆರಿಕದ ಎಂ-777 ಬರಲು ಶುರುವಾಯಿತು. ನಮ್ಮದೇ ಅಟ್ಯಾಗ್ಸ್ ಗನ್‌ 307ಕ್ಕೆ ಸಹಿ ಬಿದ್ದದ್ದು 2025ರ ಮಾರ್ಚ್‌ನಲ್ಲಿ.

ಈಗ ರಿಪೇರಿ. ಸ್ಪೇರ್ ಬರದೆ ನಿಂತ ಗಾಡಿಗೆ ನಾವು ವಿಒಆರ್ ಅನ್ನುತ್ತೇವೆ. ಪಟ್ಟಿಯಲ್ಲಿ ಗಾಡಿ ಇದೆ, ನೆಲದ ಮೇಲೂ ಇದೆ, ಆದರೆ ಓಡುವುದಿಲ್ಲ. ಇನ್ಸ್‌ಪೆಕ್ಷನ್ ಹತ್ತಿರ ಬಂದರೆ ಒಂದರ ಸಾಮಾನು ಕಿತ್ತು ಇನ್ನೊಂದಕ್ಕೆ ಹಾಕಿ ಎಬ್ಬಿಸುವುದು. ಒಂದು ರಬ್ಬರ್ ಸೀಲ್ ಇಲ್ಲದೆ ಇಡೀ ಗನ್ ಮಲಗಿದ್ದು ನೋಡಿದ್ದೇನೆ. ಸೀಲ್‌ನ ಬೆಲೆ ನೂರಿನ ಲೆಕ್ಕದಲ್ಲಿ, ಗನ್ ಬೆಲೆ ಕೋಟಿಯಲ್ಲಿ. ಹೊಸ ಆಯುಧ ಬಂದರೆ ಮಂತ್ರಿಗಳು ಆರತಿ ಎತ್ತುತ್ತಾರೆ. ರಬ್ಬರ್ ಸೀಲ್ ಬಂದರೆ ಯಾರು ಫೋಟೋ ತೆಗೆಸಿಕೊಳ್ಳುತ್ತಾರೆ ಹೇಳಿ?

ಆದ್ದರಿಂದ ಮಂಜು, ನನ್ನ ಕೈಗೆ ದುಡ್ಡು ಕೊಟ್ಟರೆ ಮೊದಲು ಗುಂಡಿನ ಗೋದಾಮು ತುಂಬಿಸುತ್ತೇನೆ. ಎರಡನೆಯದು ಸ್ಪೇರ್. ಮೂರನೆಯದು ಅದನ್ನು ಜೋಡಿಸುವ ಹುಡುಗರು. ಹೊಸ ಆಯುಧ ನಾಲ್ಕನೆಯದು.

ಕುಂದಗೋಳ ಬಸು:

ಫೌಜಿ ಸಾಹೇಬ್ರ ಪಟ್ಟಿಗೆ ನನ್ನದೊಂದು: ಬೆಚ್ಚನೆಯ ಬಟ್ಟೆ ಮತ್ತು ರಸ್ತೆ. ನಮ್ಮ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಯಾರು ಮರೆಯುತ್ತಾರೆ? 2016ರ ಫೆಬ್ರವರಿ 3, ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಪೋಸ್ಟ್ ಮೇಲೆ ಹಿಮ ಕುಸಿಯಿತು. ಹತ್ತು ಮಂದಿ ಅಡಿಯಲ್ಲಿ. ಆರನೇ ದಿನ ಹನುಮಂತಪ್ಪ ಇನ್ನೂ ಉಸಿರಾಡುತ್ತಿದ್ದರು. 11ನೇ ತಾರೀಖು ದೆಹಲಿಯಲ್ಲಿ ತೀರಿಕೊಂಡರು. ಆ ವಾರ ನಮ್ಮ ಕಡೆ ಪೂಜೆ ಆಗದ ಗುಡಿ ಇರಲಿಲ್ಲ.

1984ರಿಂದ ಸಿಯಾಚಿನ್‌ನಲ್ಲಿ ಗುಂಡಿಗಿಂತ ಹವಾಮಾನಕ್ಕೆ ಸತ್ತವರೇ ಹೆಚ್ಚು. 2020ರ ಜೂನ್‌ನಲ್ಲಿ ಗಲ್ವಾನ್ ಆಯಿತು, 20 ಮಂದಿ ಹೋದರು. ಆಮೇಲೆ ಲಡಾಖ್‌ಗೆ ಸಾವಿರಾರು ಜನರನ್ನು ಹೆಚ್ಚುವರಿಯಾಗಿ ಹತ್ತಿಸಿದರು. ಚಳಿಗಾಲ ಬಂದೇ ಬಿಟ್ಟಿತು, ಅಮೆರಿಕದಿಂದ ತುರ್ತಾಗಿ ಚಳಿ ಬಟ್ಟೆ ತರಿಸಬೇಕಾಯಿತು. ಅದೇ ಅಕ್ಟೋಬರ್‌ನಲ್ಲಿ ರೋಹ್ತಾಂಗ್ ಅಡಿಯ 9 ಕಿಲೋಮೀಟರ್ ಅಟಲ್ ಸುರಂಗ ತೆರೆಯಿತು. ಸೀಮೆಎಣ್ಣೆ, ಹಿಟ್ಟು, ಬೇಳೆ ಎಲ್ಲ ಹಿಮ ಬೀಳುವ ಮೊದಲೇ ಮೇಲೆ ಹೋಗಬೇಕಲ್ವಾ? ಜೋಜಿಲಾ ಸುರಂಗ ಪೂರ್ತಿ ಆಗುವುದನ್ನು ನಾನು ಹತ್ತು ಹೊಸ ಕ್ಷಿಪಣಿಗಿಂತ ಹೆಚ್ಚು ಕಾಯುತ್ತಿದ್ದೇನೆ.

ಕಾರವಾರ ಕಡಲು:

ನೌಕಾಪಡೆ ಬಗ್ಗೆ ಯಾರೂ ಬರೆದಿಲ್ಲ, ನಮ್ಮೂರಿನ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಊರುಗಳ ಬಗ್ಗೆ ಅಂತೂ ಯಾರೂ ಬರೆಯುವುದಿಲ್ಲ. ಇರಲಿ. 2025ರ ಫೆಬ್ರವರಿಯಲ್ಲಿ ಎನ್‌ಐಎ ಇಲ್ಲಿ ಇಬ್ಬರನ್ನು ಹಿಡಿಯಿತು. ಫೇಸ್‌ಬುಕ್‌ನಲ್ಲಿ ಹೆಂಗಸಿನ ಹೆಸರಲ್ಲಿ ಪರಿಚಯ, ಆಮೇಲೆ ನೆಲೆಯ ಮಾಹಿತಿ, ಬದಲಿಗೆ ದುಡ್ಡು ಅನ್ನುವುದು ಆರೋಪ. ಸಾವಿರಾರು ಕೋಟಿಯ ಹಡಗಿನ ಓಡಾಟವನ್ನು ಒಂದು ಮೊಬೈಲ್ ಹೇಳಿಬಿಡಬಹುದು. ಸೈಬರ್ ಏಜೆನ್ಸಿ ಅಂತ ದೆಹಲಿಯಲ್ಲಿ ಮಾಡಿದರೆ ಸಾಲದು. ಗುತ್ತಿಗೆ ಕೆಲಸಕ್ಕೆ ಒಳಗೆ ಹೋಗುವ ವೆಲ್ಡರ್‌ಗೂ ಒಂದು ದಿನ ಕೂರಿಸಿ, ಅವನ ಭಾಷೆಯಲ್ಲಿ, ಇಂಥ ಮೆಸೇಜ್ ಬಂದರೆ ಏನು ಮಾಡಬೇಕು ಅಂತ ಹೇಳಿಕೊಡಬೇಕು.

ಮಡಿಕೇರಿ ಮಾಚಯ್ಯ:

ತಿಮ್ಮಯ್ಯನವರ ಹೆಸರು ಬಂತು, ಕಾರ್ಯಪ್ಪನವರ ಹೆಸರು ಬರಲಿಲ್ಲ ಅಂತ ಬರೆಯುತ್ತಿದ್ದೇನೆ. ಜನವರಿ 15, 1949. ಅಷ್ಟೇ.

ಮಂಜು ತುಮಕೂರು:

ಮಾಚಯ್ಯನವರೇ, ಕೊಡಗಿನವರು ಒಂದು ಸಾಲಲ್ಲಿ ಮುಗಿಸುತ್ತೀರಿ! ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ದಿನ ಅದು, ಸೇನಾ ದಿನ ಅದರ ನೆನಪಿಗೇ ಅಂತ ಗೊತ್ತಿಲ್ಲದವರಿಗೆ ಗೊತ್ತಾಗಲಿ.

ಪ್ರದೀಪ್‌ಗೆ ಒಂದು ಪ್ರಶ್ನೆ. 2025ರ ಜುಲೈ 26ಕ್ಕೆ ದ್ರಾಸ್‌ನಲ್ಲಿ ಸೇನಾ ಮುಖ್ಯಸ್ಥ ಜನರಲ್ ದ್ವಿವೇದಿ ಕೆಲವು ಹೊಸ ದಳ ಹೇಳಿದರು. ಪದಾತಿ, ಟ್ಯಾಂಕ್, ಫಿರಂಗಿ ಎಲ್ಲ ಒಟ್ಟಿಗಿರುವ ರುದ್ರ ಬ್ರಿಗೇಡ್, ಹಗುರ ಕಮಾಂಡೋಗಳ ಭೈರವ ಬೆಟಾಲಿಯನ್, ಪದಾತಿ ಬೆಟಾಲಿಯನ್ನುಗಳಲ್ಲಿ ಡ್ರೋನ್ ಪ್ಲಟೂನ್. ಆ ಪ್ಲಟೂನಿಗೆ ಅಶ್ನಿ ಅಂತ ಹೆಸರು. ಇದು ಸರಿ ದಾರಿ ಅನ್ನಿಸುತ್ತದಾ?

ಪೀಣ್ಯ ಪ್ರದೀಪ:

ದಾರಿ ಸರಿ. ಡ್ರೋನ್ ಯಾವುದೋ ದೂರದ ವಿಶೇಷ ಘಟಕದ ಬಳಿ ಇರುವುದಕ್ಕಿಂತ ಬೆಟಾಲಿಯನ್‌ನ ಕೈಯಲ್ಲೇ ಇರಬೇಕು. ಆದರೆ ಎರಡು ಗಂಟು ಬಿಚ್ಚಬೇಕು.

ಮೊದಲನೆಯದು ಲೆಡ್ಜರ್. ಹೊಸಬ ಕಲಿಯುವಾಗ ಡ್ರೋನ್ ಒಡೆಯುತ್ತಾನೆ. ಮರಕ್ಕೆ ಗುದ್ದುತ್ತಾನೆ, ನದಿಗೆ ಬೀಳಿಸುತ್ತಾನೆ. ಒಡೆಯದೆ ಕಲಿತವನು ನಿಜವಾಗಿ ಕಲಿತಿಲ್ಲ. ಅದನ್ನು ದುರ್ಬೀನಿನ ಹಾಗೆ ಲೆಡ್ಜರ್‌ನಲ್ಲಿ ಬರೆದು, ಕಳೆದರೆ ವಿಚಾರಣೆ, ವಸೂಲಿ ಅಂತ ಕೂತರೆ ಯಾವ ಜವಾನ ಹಾರಿಸುತ್ತಾನೆ? ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತಾರೆ. ಗುಂಡಿನ ಹಾಗೆ ಖರ್ಚಾಗುವ ಸಾಮಾನು ಅಂತ ಲೆಕ್ಕ ಹಾಕಬೇಕು. ಉಕ್ರೇನ್‌ನಲ್ಲಿ ಹಾಗೇ ಮಾಡುತ್ತಾರೆ.

ಎರಡನೆಯದು ಖರೀದಿ. ಎನ್‌ಸಿಎನ್‌ಸಿ ಟ್ರಯಲ್ ಅಂತ ಒಂದಿದೆ. ಖರ್ಚೆಲ್ಲ ಕಂಪನಿಯದ್ದು, ಕೊಳ್ಳುತ್ತೇವೆ ಅನ್ನುವ ಮಾತು ಇಲ್ಲ. ದೊಡ್ಡ ಕಂಪನಿ ತಡೆದುಕೊಳ್ಳುತ್ತದೆ. ನಮ್ಮಂಥವರು ಟ್ರಯಲ್‌ಗೆ ಮಾಲು ಹೊತ್ತು ಬೆಟ್ಟಕ್ಕೆ ಹೋಗಿ ಬಂದು, ಫಲಿತಾಂಶ ಬರುವಷ್ಟರಲ್ಲಿ ಆ ಮಾಡೆಲ್ಲೇ ಹಳತಾಗಿರುತ್ತದೆ. ಉಕ್ರೇನ್‌ನಲ್ಲಿ ಜ್ಯಾಮಿಂಗ್ ತಪ್ಪಿಸಲು ವಾರಗಳ ಲೆಕ್ಕದಲ್ಲಿ ರೇಡಿಯೋ ಬದಲಿಸುತ್ತಾರೆ. ಅದೂ ಸಾಲದೆ ಡ್ರೋನಿನ ಹಿಂದೆ ಕಿಲೋಮೀಟರ್‌ಗಟ್ಟಲೆ ತೆಳು ಫೈಬರ್ ದಾರ ಬಿಚ್ಚಿಕೊಂಡು ಹೋಗುವ ಡ್ರೋನ್ ಮಾಡಿದರು. ದಾರಕ್ಕೆ ಜ್ಯಾಮರ್ ಏನು ಮಾಡೀತು? ಐದು ವರ್ಷದ ಒಂದು ದೊಡ್ಡ ಆರ್ಡರ್‌ಗಿಂತ ಆರು ತಿಂಗಳಿಗೊಂದು ಸಣ್ಣ ಆರ್ಡರ್ ಕೊಡಲಿ. ಪ್ರತಿ ಸಲ ಸುಧಾರಿಸಿ ಕೊಡುತ್ತೇವೆ.

ಕಾಮರ್ಸ್ ಕವಿತಾ:

ಆರು ತಿಂಗಳಿಗೊಂದು ಆರ್ಡರ್ ಅಂದರೆ ಆರು ತಿಂಗಳಿಗೊಂದು ಆಡಿಟ್ ಪ್ರಶ್ನೆ ಕೂಡ. ಫೈಲಿಗೆ ಸಹಿ ಹಾಕುವ ಅಧಿಕಾರಿಗೆ ಬೋಫೋರ್ಸ್ ನೆನಪಿರುತ್ತದೆ. ಅವನಿಗೆ ರಕ್ಷಣೆ ಕೊಡುವ ನಿಯಮ ಮೊದಲು ಬರಲಿ.

ಪೀಣ್ಯ ಪ್ರದೀಪ:

ನಿಜ ಮೇಡಂ. ಒಪ್ಪಿದೆ.

ಐಟಿಐ ಹುಡುಗ, ಸಿಂಧನೂರು:

ಸಾರ್ ಎಲ್ಲರಿಗೂ ನಮಸ್ತೆ. ಪೂರ್ತಿ ಓದಿದೆ. ನಾನು ಐಟಿಐ ಎಲೆಕ್ಟ್ರಾನಿಕ್ಸ್ ಮುಗಿಸಿದ್ದೇನೆ, ವಯಸ್ಸು 19. ಅಗ್ನಿವೀರ್ ಜಿಡಿಗೆ (ಜನರಲ್ ಡ್ಯೂಟಿ, ಸಾಮಾನ್ಯ ಸೈನಿಕ) ಹಾಕಲಾ, ಟೆಕ್ನಿಕಲ್‌ಗೆ ಹಾಕಲಾ? ಊರಲ್ಲಿ ಎಲ್ಲರೂ ಜಿಡಿ ಸುಲಭ ಅನ್ನುತ್ತಾರೆ.

ಹಳೆ ಫೌಜಿ ಹಾಸನ:

ಟೆಕ್ನಿಕಲ್‌ಗೆ ಹಾಕು ಮಗಾ. ಐಟಿಐ ಇದ್ದವರಿಗೆ ಬೋನಸ್ ಅಂಕ ಕೊಡುತ್ತಾರೆ, ಪ್ರಕಟಣೆಯಲ್ಲಿ ಎಷ್ಟು ಅಂತ ನೋಡಿಕೊ. ಲಿಖಿತ ಪರೀಕ್ಷೆ ಸ್ವಲ್ಪ ಗಟ್ಟಿ, ಗಣಿತ ಮತ್ತು ಭೌತವಿಜ್ಞಾನ ಚೆನ್ನಾಗಿ ಓದು. ಓಟ ಬಿಡಬೇಡ. ಏಜೆಂಟ್ ಯಾರಾದರೂ ಸೀಟು ಕೊಡಿಸುತ್ತೇನೆ ಅಂದರೆ ಫೋನ್ ಇಟ್ಟುಬಿಡು.

ಅಗ್ನಿವೀರನ ಅವ್ವ, ಗೋಕಾಕ:

ತಮ್ಮಾ, ಹಲ್ಲು, ಕಣ್ಣು, ಕಿವಿ ಮೊದಲೇ ತೋರಿಸಿಕೊಂಡು ಹೋಗು. ನಮ್ಮ ಓಣಿಯಲ್ಲಿ ಓಟ ಪಾಸಾಗಿ ಮೆಡಿಕಲ್‌ನಲ್ಲಿ ವಾಪಸ್ ಬಂದವರು ಬಹಳ ಮಂದಿ ಇದ್ದಾರೆ.

ಪೀಣ್ಯ ಪ್ರದೀಪ:

ಬೆಂಗಳೂರಿಗೆ ಬಂದರೆ ನಮ್ಮಲ್ಲಿಗೆ ಬಾ, ಸೋಲ್ಡರಿಂಗ್ ಕಲಿಸುತ್ತೇನೆ. ಬೋರ್ಡ್ ಸುಟ್ಟರೂ ಬೈಯುವುದಿಲ್ಲ. ಪರೀಕ್ಷೆಯಲ್ಲಿ ಅದು ಬರಲ್ಲ, ಆದರೆ ಯೂನಿಟ್ ಸೇರಿದ ಮೇಲೆ ಬೇಕಾಗುತ್ತದೆ.

ಐಟಿಐ ಹುಡುಗ, ಸಿಂಧನೂರು:

ಥ್ಯಾಂಕ್ಸ್ ಸಾರ್. ಮನೆಯಲ್ಲಿ 25 ವ್ಯಾಟ್ ಐರನ್ ಇದೆ. ಅದು ಸಾಕಾ?

ಪೀಣ್ಯ ಪ್ರದೀಪ:

ಸಣ್ಣ ತಂತಿಗೆ ಸಾಕು. ಬ್ಯಾಟರಿಯ ದಪ್ಪ ತಂತಿಗೆ ಬಿಸಿ ಸಾಲುವುದಿಲ್ಲ, ಬೆಸುಗೆ ಹಿಡಿದ ಹಾಗೆ ಕಾಣುತ್ತದೆ, ಹಾರುವಾಗ ಬಿಟ್ಟುಕೊಳ್ಳುತ್ತದೆ. 60 ವ್ಯಾಟ್‌ದು, ಬಿಸಿ ಹೆಚ್ಚು ಕಡಿಮೆ ಮಾಡಬಹುದಾದದ್ದು ತಗೋ. ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತದೆ. ಬರುವ ಮೊದಲು ಇಲ್ಲೇ ಒಂದು ಮೆಸೇಜ್ ಹಾಕು.